ಮೆರವಣಿಗೆಗೆ ತಕ್ಕ ತಾಳ

ಸೇನೆಯ ಬ್ಯಾಂಡಿನಲ್ಲಿ ಯುಫೋನಿಯಂ ಊದುತ್ತಾ ಹರೆಯ ಕಳೆದು, ಪಿಂಚಣಿ ಹಿಡಿದು ಊರಿಗೆ ಬಂದವನು ನಾನು. ಯುಫೋನಿಯಂ ಎಂದರೆ ಟ್ಯೂಬಾಕ್ಕಿಂತ ಚಿಕ್ಕದಾದ, ಎದೆಗೆ ಅಪ್ಪಿಕೊಂಡು ನುಡಿಸುವ ಹಿತ್ತಾಳೆ ವಾದ್ಯ. ಸೇರಿದ್ದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ, ಅಂದರೆ 'ತಂಬಿ'ಗಳ ಪಡೆಗೆ. ಕಲಿತದ್ದು ಮಧ್ಯಪ್ರದೇಶದ ಪಚ್‌ಮಢಿಯ ಮಿಲಿಟರಿ ಸಂಗೀತ ಶಾಲೆಯಲ್ಲಿ. ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು ಸೇನಾ ಮುಖ್ಯಸ್ಥರಾಗಿದ್ದಾಗ, 1950ರಲ್ಲಿ, ಅವರ ಆಸಕ್ತಿಯಿಂದಲೇ ಶುರುವಾದ ಶಾಲೆ ಅದು. ಮಂಗಳೂರಿನ ಕಡೆಯ ನಮ್ಮ ಹಳ್ಳಿಗೆ ಮರಳಿದ ಸ್ವಲ್ಪ ದಿನಕ್ಕೇ ಇಗರ್ಜಿಯ ಬ್ಯಾಂಡು, ಕೊಯರು ಎರಡನ್ನೂ ಫಾದರ್ ನನ್ನ ಕೈಗೆ ಕೊಟ್ಟರು. ದೆಹಲಿಯಲ್ಲಿ ನುಡಿಸಿದವನಿಗೆ ಹಳ್ಳಿಯ ಇಗರ್ಜಿ ಯಾವ ಲೆಕ್ಕ ಎಂದು ಊರವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಆಮೇಲೆ ಆದದ್ದನ್ನು, ನನ್ನ ಹಾಗೆ ಮನೆಗೆ ಮರಳುವ ಬ್ಯಾಂಡಿನವರಿಗೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

1. ಮೆರವಣಿಗೆಯ ವೇಗ ಹಿಂದಿನಿಂದ ಬರುತ್ತದೆ

ಸೇನೆಯಲ್ಲಿ ಕ್ವಿಕ್ ಮಾರ್ಚ್ ಎಂದರೆ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಒಂದೊಂದು ಹೆಜ್ಜೆ 30 ಅಂಗುಲ. ಬ್ಯಾಂಡ್ ಹಿಡಿದ ಲಯಕ್ಕೆ ಇಡೀ ತುಕಡಿ ಕಾಲು ಹಾಕುತ್ತದೆ. ಅದು ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ, ವಾರ್ಷಿಕ ಹಬ್ಬಕ್ಕೆ ಮುಂಚಿನ ಭಾನುವಾರ ನಡೆಯುವ ಪರಮಪ್ರಸಾದದ ಮೆರವಣಿಗೆಯಲ್ಲೂ ಹುಡುಗರಿಗೆ ಅದೇ ಲಯ ಕೊಟ್ಟೆ. ಸಾಲು ನೇರವಾಗಿತ್ತು, ಡ್ರಮ್ ಗಟ್ಟಿಯಾಗಿತ್ತು, ನನಗೆ ತುಂಬ ಖುಷಿಯಾಗಿತ್ತು. ಶಾಲೆಯ ತಿರುವಿನಲ್ಲಿ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರು ಏದುಸಿರು ಬಿಡುತ್ತಾ ಓಡಿಬಂದರು. "ಸ್ವಲ್ಪ ನಿಲ್ಲಿ ಮಾರಾಯ್ರೆ, ದೇವರು ಹಿಂದೆ ಉಳಿದಿದ್ದಾರೆ" ಎಂದರು.

ತಿರುಗಿ ನೋಡಿದೆ. ನಮ್ಮ ಬೆನ್ನಿಗೆ ಬರಿಯ ರಸ್ತೆ. ಅಷ್ಟು ದೂರದಲ್ಲಿ ಮೇಲ್ಕಟ್ಟಿನ ನಾಲ್ಕು ಕೋಲು ಹಿಡಿದವರು, ಅದರಡಿ ಪರಮಪ್ರಸಾದ ಹಿಡಿದ ಫಾದರ್, ಹೂವೆರಚುವ ಮಕ್ಕಳು, ಮೇಣದ ಬತ್ತಿಗೆ ಗಾಳಿ ತಾಗದಂತೆ ಅಂಗೈ ಅಡ್ಡ ಹಿಡಿದು ನಡೆಯುವ ಮುದುಕಿಯರು. ಬತ್ತಿ ಆರದಂತೆ ನಡೆಯುವವರ ಹೆಜ್ಜೆ ಹೇಗಿರುತ್ತದೆಂದು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ.

ಈಗ ಮೇಲ್ಕಟ್ಟಿನ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸುತ್ತೇನೆ. ಅಂತರ ಹೆಚ್ಚಾದರೆ ಅವನು ಕೈ ಎತ್ತುತ್ತಾನೆ, ನಾವು ನಿಂತಲ್ಲೇ ಕಾಲು ಹಾಕುತ್ತೇವೆ. ಲಯ ನಿಮಿಷಕ್ಕೆ ಅರವತ್ತರ ಆಸುಪಾಸು. ಜಪಸರದ ಒಂದೊಂದು ರಹಸ್ಯ ಮುಗಿದ ಮೇಲೆ ಮಾತ್ರ ಒಂದು ಚರಣ, ಉಳಿದ ಹೊತ್ತು ಬ್ಯಾಂಡ್ ಮೌನ. ಜನವರಿಯ ಆರಂಭದಲ್ಲಿ ಮಂಗಳೂರಿನ ಮಿಲಾಗ್ರಿಸ್‌ನಿಂದ ರೊಸಾರಿಯೊ ಕೆಥೆಡ್ರಲಿಗೆ ಹೋಗುವ ದೊಡ್ಡ ಮೆರವಣಿಗೆಗೂ ನಮ್ಮ ಸಣ್ಣ ಮೆರವಣಿಗೆಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಬ್ಯಾಂಡ್ ಮುಂದೆ ಇರುತ್ತದೆ, ಮೆರವಣಿಗೆ ಇರುವುದು ಹಿಂದೆ.

2. ಸ್ಮಶಾನದಿಂದ ಮರಳುವಾಗ ಏನು ನುಡಿಸಬೇಕೆಂದು ಮನೆಯವರನ್ನು ಕೇಳಿ

ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಮಿಲಿಟರಿ ಬ್ಯಾಂಡುಗಳಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ಶವದೊಂದಿಗೆ ಹೋಗುವಾಗ ಡ್ರಮ್ಮಿಗೆ ಕಪ್ಪು ಬಟ್ಟೆ ಸುತ್ತಿ ಸದ್ದು ಅಡಗಿಸಿ ಸ್ಲೋ ಮಾರ್ಚ್. ಮಣ್ಣು ಮಾಡುವ ಹೊತ್ತಿಗೆ ಬ್ಯೂಗಲ್‌ನಲ್ಲಿ 'ಲಾಸ್ಟ್ ಪೋಸ್ಟ್', ಆಮೇಲೆ 'ರೌಸ್'. ಸ್ಮಶಾನ ದಾಟಿ ಮರಳುವಾಗ ಕ್ವಿಕ್ ಮಾರ್ಚ್. ಗೌರವದಿಂದ ಬೀಳ್ಕೊಟ್ಟದ್ದಾಯಿತು, ಉಳಿದವರು ಕೆಲಸಕ್ಕೆ ಮರಳಬೇಕು ಎಂಬುದು ಅದರ ಭಾವ.

ನಮ್ಮ ವಾರ್ಡಿನ ಒಬ್ಬ ಮಾಜಿ ಸೈನಿಕರು ತೀರಿಕೊಂಡಾಗ ಮನೆಯವರು ಬ್ಯಾಂಡ್ ಬೇಕೆಂದರು. ಅವರಿಗೆ ಸೇನೆಯ ಎಲ್ಲ ಮರ್ಯಾದೆಯೂ ಸಲ್ಲಬೇಕೆಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿದೆ. ಯಾರನ್ನೂ ಕೇಳಲಿಲ್ಲ. ಸ್ಮಶಾನದ ಗೇಟು ದಾಟುತ್ತಲೇ ಸೈಡ್ ಡ್ರಮ್ಮಿನವನಿಗೆ ಸನ್ನೆ ಮಾಡಿ ಕ್ವಿಕ್ ಮಾರ್ಚ್ ಎತ್ತಿಸಿದೆ. ಸತ್ತವರ ಹೆಂಡತಿ ಇನ್ನೂ ಗೇಟಿನೊಳಗೆ ಮಗಳ ಹೆಗಲು ಹಿಡಿದು ನಿಂತಿದ್ದರು. ಸತ್ತವರ ತಮ್ಮ ನನ್ನ ಹತ್ತಿರ ಬಂದು ಕೇಳಿದರು: "ನಮ್ಮ ಅಣ್ಣ ಹೋದದ್ದು ನಿಮಗೆ ಸಂತೋಷವಾ?" ನನ್ನ ಬಳಿ ಉತ್ತರವಿರಲಿಲ್ಲ. ಹುಡುಗರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಅವರು ನಾನು ಹೇಳಿದ್ದನ್ನು ಸರಿಯಾಗಿಯೇ ನುಡಿಸಿದ್ದರು.

ತಿಂಗಳ ಪೂಜೆ ಮುಗಿದ ಮೇಲೆ ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಪದ್ಧತಿಯ ಅರ್ಥವನ್ನೂ ಹೇಳಿದೆ. ಆ ತಾಯಿ ಪೂರ್ತಿ ಕೇಳಿಸಿಕೊಂಡು, "ಇವರಿಗೆ ಅದು ಇಷ್ಟವೇ ಆಗುತ್ತಿತ್ತು. ಆದರೆ ನಮಗೆ ಮೊದಲೇ ಹೇಳಬೇಕಿತ್ತಲ್ಲ" ಎಂದರು. ಅಷ್ಟೇ ಮಾತು.

ಈಗ ಹಿಂದಿನ ಸಂಜೆಯೇ ಸಾವಿನ ಮನೆಗೆ ಹೋಗುತ್ತೇನೆ. ಸತ್ತವರಿಗೆ ಯಾವ ಹಾಡು ಇಷ್ಟವಿತ್ತು, ಮನೆಯಿಂದ ಇಗರ್ಜಿಗೆ ಎಷ್ಟು ನಡಿಗೆ, ಮಣ್ಣಾದ ಮೇಲೆ ಬ್ಯಾಂಡ್ ಬೇಕೋ ಬೇಡವೋ ಎಂದು ಕೇಳುತ್ತೇನೆ. ಹೆಚ್ಚಿನವರು ಬೇಡವೆನ್ನುತ್ತಾರೆ. ಆಗ ವಾದ್ಯಗಳನ್ನು ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ನಡೆದು ಬರುತ್ತೇವೆ. ದುಡ್ಡಿನ ಮಾತು ಆ ಮನೆಯಲ್ಲಿ ಎತ್ತುವುದಿಲ್ಲ. ಅದನ್ನು ಗುರ್ಕಾರರು ಆಮೇಲೆ ನೋಡಿಕೊಳ್ಳುತ್ತಾರೆ.

3. ಬ್ಯಾಂಡಿಗೆ ಹಿತವಾದ ಶ್ರುತಿ ಜನರ ಗಂಟಲಿಗೆ ಹಿತವಲ್ಲ

ನಮ್ಮ ಕಾರ್ನೆಟ್, ಕ್ಲಾರಿನೆಟ್, ಯುಫೋನಿಯಂ ಎಲ್ಲ ಬಿ ಫ್ಲಾಟ್ ವಾದ್ಯಗಳು. ಬಿ ಫ್ಲಾಟ್, ಇ ಫ್ಲಾಟ್, ಎಫ್ ಶ್ರುತಿಗಳು ಅವಕ್ಕೆ ಸಲೀಸು. ಕೊಯರಿನ ಗಿಟಾರ್ ಹುಡುಗರಿಗೆ ಡಿ, ಎ, ಇ ಬೇಕು. ಅವರು ಇ ಹಿಡಿದರೆ ಪಾಪ, ಕಾರ್ನೆಟ್ ಹುಡುಗನ ಹಾಳೆಯಲ್ಲಿ ಆರು ಶಾರ್ಪುಗಳು. ಹಾಗಾಗಿ ನಾನು ಬಂದವನೇ ಡಿಯಲ್ಲಿದ್ದ ಹಾಡುಗಳನ್ನೆಲ್ಲ ಎಫ್‌ಗೆ ಏರಿಸಿದೆ. ಬ್ಯಾಂಡ್ ಚೆನ್ನಾಗಿ ಕೇಳಿಸಿತು, ಕೊಯರಿನ ಹುಡುಗಿಯರೂ ಏರಿದರು.

ಒಂದು ಭಾನುವಾರ ಊಟಕ್ಕೆ ಕುಳಿತಾಗ ಹೆಂಡತಿ ಹೇಳಿದಳು: "ಮೇಲೆ ಕೊಯರ್ ಹಾಡ್ತಾ ಇದೆ. ಕೆಳಗೆ ಒಬ್ಬರೂ ಬಾಯಿ ತೆರೀತಿಲ್ಲ. ನನಗೇ ಮೇಲಿನ ಸ್ವರ ಸಿಗೋದಿಲ್ಲ, ಆ ಮುದುಕಿಯರಿಗೆ ಎಲ್ಲಿ ಸಿಗಬೇಕು?" ನಾನು ದೇಶ ಸುತ್ತುತ್ತಿದ್ದ ವರ್ಷಗಳಲ್ಲೆಲ್ಲ ಇದೇ ಕೊಯರಿನಲ್ಲಿ ಹಾಡಿದವಳು ಅವಳು. ಆ ಇಗರ್ಜಿಯ ದನಿಯನ್ನು ನನಗಿಂತ ಹೆಚ್ಚು ಬಲ್ಲವಳು. ನಾನು ಮೊದಲ ದಿನವೇ ಅವಳನ್ನು ಕೇಳಬಹುದಿತ್ತು.

ಲ್ಯಾಟಿನ್ ಪೂಜೆಯ ಕಾಲದಲ್ಲಿ ನನ್ನ ಅಮ್ಮನಂಥವರು ಕೇಳುತ್ತಾ ಮೊಣಕಾಲೂರಿದ್ದವರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಕುರಿತ ದಸ್ತಾವೇಜು ಹೊರಡಿಸಿ, ಜನರೂ ಪಾಲ್ಗೊಳ್ಳಬೇಕು, ಅವರ ಭಾಷೆಗೆ ಜಾಗವಿರಬೇಕು ಎಂದಮೇಲೆ ಕೊಂಕಣಿಯ ಹಾಡುಗಳು ಎಲ್ಲರ ಬಾಯಿಗೆ ಬಂದವು. ಅಂಥ ಹಾಡನ್ನು ಬ್ಯಾಂಡಿನ ಅನುಕೂಲಕ್ಕಾಗಿ ನಾನು ಜನರ ಬಾಯಿಂದ ಕಿತ್ತುಕೊಂಡಿದ್ದೆ. ಇದು ಸಣ್ಣ ತಪ್ಪಲ್ಲ.

ಈಗ ಪ್ರತಿ ಹಾಡಿನ ಅತಿ ಎತ್ತರದ ಸ್ವರ ಯಾವುದೆಂದು ಮೊದಲು ನೋಡುತ್ತೇನೆ. ಅದು ಹೆಂಗಸರ ಗಂಟಲಿಗೆ ಮೇಲಿನ ಡಿ ದಾಟಬಾರದು. ಬೆಳಗ್ಗೆ ಆರೂವರೆಯ ಪೂಜೆಗೆ ಇನ್ನೂ ಸ್ವಲ್ಪ ಇಳಿಸಬೇಕು, ಆಗ ಯಾರ ಗಂಟಲೂ ತೆರೆದಿರುವುದಿಲ್ಲ. ಎಷ್ಟೋ ಹಾಡುಗಳು ಬಿ ಫ್ಲಾಟಿನಲ್ಲಿ ಚೆನ್ನಾಗಿ ಕೂತವು. ಗಿಟಾರಿನವರು ಮೊದಲ ಮನೆಗೆ ಕೇಪೊ ಸಿಕ್ಕಿಸಿ ತಮಗೆ ಗೊತ್ತಿರುವ ಎ ಕಾರ್ಡುಗಳನ್ನೇ ಹಿಡಿದರೆ ಬಿ ಫ್ಲಾಟ್ ತಾನಾಗಿ ಬರುತ್ತದೆ. ಅಂಗಡಿಯಲ್ಲಿ ಸಿಗುವ ಒಂದು ಸಣ್ಣ ಕ್ಲಿಪ್ಪಿನಿಂದ ಕೊಯರಿಗೂ ಬ್ಯಾಂಡಿಗೂ ಇದ್ದ ಜಗಳ ಮುಗಿಯಿತು.

4. ಹಳೆಯ ವಾದ್ಯವನ್ನು ಹುಡುಗನ ಕೈಗೆ ಕೊಡುವ ಮೊದಲು ನೀವೇ ಊದಿ ನೋಡಿ

ಇಗರ್ಜಿಯ ಉಗ್ರಾಣದಲ್ಲಿ ಹಿಂದಿನ ಕಾಲದ ಬ್ಯಾಂಡಿನ ಒಂದು ಕಾರ್ನೆಟ್ ಸಿಕ್ಕಿತು. ಬ್ರಾಸೊ ಹಾಕಿ ತಿಕ್ಕಿದೆ, ವಾಲ್ವಿಗೆ ಎಣ್ಣೆ ಬಿಟ್ಟೆ, ಹೊಳೆಯಿತು. ಚುರುಕಾದ ಒಬ್ಬ ಹುಡುಗನಿಗೆ ಕೊಟ್ಟೆ. ಅವನು ಊದಿದ್ದೆಲ್ಲ ಕೀಬೋರ್ಡಿಗಿಂತ ಮೇಲೆ. ತುಟಿ ಬಿಗಿ ಹಿಡಿಯುತ್ತೀ, ಕಿವಿ ಕೊಡುತ್ತಿಲ್ಲ ಎಂದು ವಾರಗಟ್ಟಲೆ ಎಲ್ಲರ ಮುಂದೆ ಗದರಿದೆ. ಟ್ಯೂನಿಂಗ್ ಸ್ಲೈಡನ್ನು ಪೂರ್ತಿ ಹೊರಗೆಳೆಸಿದೆ. ಹಾಗೆ ಎಳೆದರೆ ವಾಲ್ವ್ ಒತ್ತುವ ಸ್ವರಗಳು ಬೇರೆ ತರಹ ಕೆಡುತ್ತವೆ. ಹುಡುಗ ಬರುವುದನ್ನೇ ಕಡಿಮೆ ಮಾಡಿದ.

ಕೊನೆಗೊಂದು ದಿನ ನಾನೇ ಊದಿದೆ. ನನ್ನ ತುಟಿಯಲ್ಲೂ ಅದೇ ಕತೆ. ಆಗ ಹೊಳೆಯಿತು, ಅದು 'ಹೈ ಪಿಚ್' ವಾದ್ಯ. ಇಂದಿನ ಎ ಸ್ವರ ಸೆಕೆಂಡಿಗೆ 440 ಕಂಪನ. ಹಳೆಯ ಬ್ರಿಟಿಷ್ ಮಿಲಿಟರಿ ಬ್ಯಾಂಡುಗಳದು 452ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಅರ್ಧ ಸೆಮಿಟೋನ್ ಮೇಲೆ. 1920ರ ದಶಕದ ಕೊನೆಯ ಹೊತ್ತಿಗಷ್ಟೇ ಆ ಬ್ಯಾಂಡುಗಳು ಕೆಳಗಿನ ಶ್ರುತಿಗೆ ಇಳಿದವು. ಆ ಕಾಲದ ವಾದ್ಯವನ್ನು ಈಗಿನ ಕೀಬೋರ್ಡಿನ ಜೊತೆ ಯಾರು ಊದಿದರೂ ಕೂಡುವುದಿಲ್ಲ. ಇದೆಲ್ಲ ನನಗೆ ಪಾಠವಾಗಿತ್ತು, ಗೊತ್ತಿತ್ತು. ಆದರೂ ತಪ್ಪು ಹುಡುಗನದೇ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಗದರಿದ್ದು ಎಲ್ಲರ ಮುಂದೆ, ಆದ್ದರಿಂದ ತಪ್ಪು ಒಪ್ಪಿಕೊಂಡದ್ದೂ ಎಲ್ಲರ ಮುಂದೆಯೇ. ಬೇರೆ ಕಾರ್ನೆಟ್ ಹೊಂದಿಸಿ ಕೊಟ್ಟೆ. ಅವನ ಕಿವಿ ನಮ್ಮ ಬ್ಯಾಂಡಿನಲ್ಲೇ ಚೊಕ್ಕದ್ದು. ಈಗ ಪ್ರಾಕ್ಟೀಸಿಗೆ ಮುಂಚೆ ಎಲ್ಲರ ಶ್ರುತಿ ನೋಡುವವನು ಅವನೇ. ಬಿಸಿಲಿನಲ್ಲಿ ನಿಂತರೆ ಹಿತ್ತಾಳೆಯ ಶ್ರುತಿ ಏರುತ್ತದೆ, ಕೀಬೋರ್ಡಿನದು ಏರುವುದಿಲ್ಲ ಎಂಬುದನ್ನು ಸಣ್ಣ ಮಕ್ಕಳಿಗೆ ಅವನೇ ಹೇಳಿಕೊಡುತ್ತಾನೆ.

5. ಮಳೆಗಾಲಕ್ಕೆ ಡ್ರಮ್ಮಿನ ಹಗ್ಗ ಸಡಿಲಿಸಿ

ನಮ್ಮ ಕರಾವಳಿಯ ಮಳೆಯಲ್ಲಿ ಚರ್ಮದ ಡ್ರಮ್ ತೇವ ಹೀರಿ ಜೋಲುತ್ತದೆ. ಆಗ ಹಗ್ಗ ಬಿಗಿದು ಹಾಗೆಯೇ ಬಿಟ್ಟರೆ ಬಿಸಿಲು ಬಂದ ದಿನ ಚರ್ಮ ಸೆಳೆದು ಹರಿಯುತ್ತದೆ. ಹೀಗೆ ಒಂದು ಬಾಸ್ ಡ್ರಮ್ ಕಳೆದುಕೊಂಡೆವು. ನುಡಿಸಿ ಮುಗಿದ ಕೂಡಲೇ ಸಡಿಲಿಸಿಡಿ. ಕೈಯಲ್ಲಿ ಹಣವಿದ್ದರೆ ಪ್ಲಾಸ್ಟಿಕ್ ಹೆಡ್ ಹಾಕಿಸಿ.

6. ಹಾಳೆಯಿಲ್ಲದೆ ನುಡಿಸುವವರ ಪಕ್ಕದಲ್ಲಿ ಕೂರಿ

ಸೇನೆಯಲ್ಲಿ ಮಂದಿರ, ಗುರುದ್ವಾರ, ಮಸೀದಿ, ಇಗರ್ಜಿ ಒಂದೇ ಸೂರಿನಡಿ ಇರುವ 'ಸರ್ವ ಧರ್ಮ ಸ್ಥಳ'ಗಳಿವೆ. ಮಂದಿರ್ ಪರೇಡಿಗೆ ಜೊತೆಯವರೊಂದಿಗೆ ನಾನೂ ಹೋಗುತ್ತಿದ್ದೆ, ಹೋಗಬೇಕಿತ್ತು, ಹೋಗಲು ಇಷ್ಟವೂ ಇತ್ತು. ಒಮ್ಮೆ ಭಜನೆಗೆ ಢೋಲಕ್ ನುಡಿಸುವವನು ರಜೆಯಲ್ಲಿದ್ದ. ಪಂಡಿತ್‌ಜಿ ನನ್ನನ್ನು ಕರೆದರು. ಬ್ಯಾಂಡಿನವನಿಗೆ ಇದೇನು ಮಹಾ ಎಂದು ಕೂತೆ. ಅವರು ಒಂದು ಸಾಲನ್ನು ಹಿಗ್ಗಿಸಿದರು, ಇನ್ನೊಂದನ್ನು ತಿರುಗಿ ತಿರುಗಿ ಹಾಡಿದರು, ಜನ ಚಪ್ಪಾಳೆ ಶುರುಮಾಡಿದ ಮೇಲೆ ವೇಗ ಏರಿಸಿದರು. ನನ್ನ ಕಣ್ಣು ಇಲ್ಲದ ಹಾಳೆಯನ್ನು ಹುಡುಕುತ್ತಿತ್ತು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಜವಾನ ಬಂದು ನನ್ನ ಕೈಯಿಂದ ಢೋಲಕ್ ತೆಗೆದುಕೊಂಡು, ಪಂಡಿತ್‌ಜಿಯ ಮುಖವನ್ನೇ ನೋಡುತ್ತಾ ನುಡಿಸಿದ. ಒಂದು ಪೆಟ್ಟೂ ತಪ್ಪಲಿಲ್ಲ.

ಆ ಪಾಠ ಊರಿಗೆ ಬಂದಮೇಲೆ ಕೆಲಸಕ್ಕೆ ಬಂತು. ನಮ್ಮ ರೋಸ್‌ನಲ್ಲಿ, ಅಂದರೆ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರದಲ್ಲಿ, ಗುಮಟ್ ನುಡಿಸುವ ಹಿರಿಯರಿದ್ದಾರೆ. ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ ಕಟ್ಟಿದ ವಾದ್ಯವದು. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. ವನ್ಯಜೀವಿ ಕಾನೂನು ಬಂದಮೇಲೆ ಆಡಿನ ಚರ್ಮ. ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ದನಿ ಬಾಗಿಸುತ್ತಾರೆ. ಆ ಬಾಗನ್ನು ಬರೆಯುವ ಲಿಪಿ ನನಗೆ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಅಂಗೈ ನೋಡುತ್ತಾ ಕಲಿಯುತ್ತಿದ್ದೇನೆ.

ಪಕ್ಕದ ಭಜನಾ ಮಂದಿರದವರೂ ಕರೆಯುತ್ತಾರೆ, ಹೋಗುತ್ತೇನೆ. ನಮ್ಮವರಲ್ಲಿ ಒಂದಿಬ್ಬರು ಹುಬ್ಬೇರಿಸಿದ್ದುಂಟು. ಅವರಿಗೆ ಕದ್ರಿ ಗೋಪಾಲನಾಥರ ಕತೆ ಹೇಳುತ್ತೇನೆ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಅದಕ್ಕೆ ಮನಸೋತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಬ್ಯಾಂಡಿನ ವಾದ್ಯ ದೇವಸ್ಥಾನದ ಕಛೇರಿಗೆ ಬಂದು ಕೂತಿತು. ವಾದ್ಯಕ್ಕೆ ಇಲ್ಲದ ಸಂಕೋಚ ವಾದ್ಯಗಾರನಿಗೆ ಯಾಕೆ?

7. ಮಗ ರಿಕ್ರೂಟ್ ಅಲ್ಲ

ಸೇನೆಯ ಉಸ್ತಾದರು ನಮಗೆ ಕಲಿಸಿದ್ದು ಬೆಳಗಿನ ಚಳಿಯಲ್ಲಿ ಲಾಂಗ್ ನೋಟ್ ಹಿಡಿಸಿ. ಒಂದೇ ಸ್ವರ, ಉಸಿರು ಮುಗಿಯುವ ತನಕ. ದೊಡ್ಡವರಿಗೆ ಅದು ಒಳ್ಳೆಯ ಅಭ್ಯಾಸ. ನಾನು ವಾರ್ಷಿಕ ರಜೆಗೆ ಬಂದಾಗ ಅದನ್ನೇ ಮಗನ ಮೇಲೆ ಹೇರಿದೆ. ವರ್ಷವಿಡೀ ಮನೆಯಲ್ಲಿಲ್ಲದ ಅಪ್ಪ, ರಜೆಯೊಳಗೆ ವರ್ಷದ ಪಾಠವನ್ನೆಲ್ಲ ತುರುಕಲು ಹೊರಟಿದ್ದೆ. ಚಹಾಕ್ಕೆ ಮುಂಚೆ ಚಾವಡಿಯಲ್ಲಿ ನಿಲ್ಲಿಸಿ ಊದಿಸುತ್ತಿದ್ದೆ. ಅವನ ಮೇಲ್ದುಟಿಯಲ್ಲಿ ಮೌತ್‌ಪೀಸಿನ ಉಂಗುರ ಕೆಂಪಗೆ ಮೂಡಿರುತ್ತಿತ್ತು, ಸಂಜೆಯಾದರೂ ಹೋಗುತ್ತಿರಲಿಲ್ಲ. "ಅವ ನಿಮ್ಮ ಸಿಪಾಯಿ ಅಲ್ಲ ಮಾರಾಯ್ರೆ, ಮಗ" ಎಂದು ಹೆಂಡತಿ ಹೇಳಿದಾಗ, ಸಂಗೀತ ಗೊತ್ತಿಲ್ಲದವರ ಮಾತೆಂದು ತಳ್ಳಿಹಾಕಿದೆ. ಮುಂದಿನ ರಜೆಗೆ ಬಂದಾಗ ಕಾರ್ನೆಟ್ ಪೆಟ್ಟಿಗೆಯೊಳಗೆ ಇತ್ತು. ಮಗ ಅದನ್ನು ಮತ್ತೆ ತೆರೆಯಲಿಲ್ಲ.

ಅವನೀಗ ಗಲ್ಫಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಕೊಂಕಣಿ ಪೂಜೆಯ ಕೊಯರಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಾನೆ, ತಾನಾಗಿ ಕಲಿತದ್ದು. ಅದು ನನಗೆ ಗೊತ್ತಾದದ್ದು ಬೇರೆಯವರಿಂದ. ಒಂದು ದಿನ ವಿಡಿಯೊ ಕಾಲಿನಲ್ಲಿ, "ಪಪ್ಪಾ, ಈ ಹಾಡಿಗೆ ಬಾಸ್ ಹೇಗೆ ಹೋಗಬೇಕು?" ಎಂದು ಕೇಳಿದ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ತಡೆದುಕೊಂಡು, "ಮೊದಲು ನೀನು ನುಡಿಸು, ಕೇಳುತ್ತೇನೆ" ಎಂದೆ. ಅವನು ನುಡಿಸಿದ್ದು ಚೆನ್ನಾಗಿತ್ತು. ನಾನು ಸೇರಿಸಲು ಹೆಚ್ಚೇನೂ ಇರಲಿಲ್ಲ.

ಇಗರ್ಜಿಯ ಮಕ್ಕಳಿಗೆ ಈಗ ಮೊದಲ ದಿನವೇ ಅವರಿಗೆ ಬರುವ ಒಂದು ಹಾಡಿನ ಮೂರು ಸ್ವರ ಕೊಡುತ್ತೇನೆ. ಕಾಲು ಗಂಟೆ ಸಾಕು. ತುಟಿ ದಣಿಯಿತು ಎಂದ ಮಗುವನ್ನು ನಂಬುತ್ತೇನೆ. ಲಾಂಗ್ ನೋಟನ್ನು ಅವರೇ ಕೇಳಿಕೊಂಡು ಬರುವ ದಿನ ಬರುತ್ತದೆ.

8. ನುಡಿಸಿದ್ದೇ ಪ್ರಾರ್ಥನೆಯೆಂದು ತಿಳಿಯಬೇಡಿ

ಜನವರಿ 29ರ ಬೀಟಿಂಗ್ ರಿಟ್ರೀಟಿನಲ್ಲಿ, ದೆಹಲಿಯ ವಿಜಯ ಚೌಕದಲ್ಲಿ, ಸಂಜೆ ಕವಿಯುವ ಹೊತ್ತಿಗೆ 'ಅಬೈಡ್ ವಿತ್ ಮಿ' ನುಡಿಸುವ ರೂಢಿಯಿತ್ತು. ಹೆನ್ರಿ ಫ್ರಾನ್ಸಿಸ್ ಲೈಟ್ ಎಂಬ ಪಾದ್ರಿ 1847ರಲ್ಲಿ ಸಾಯುವ ಹೊತ್ತಿಗೆ ಉಳಿಸಿಹೋದ ಸ್ತೋತ್ರ, ಗಾಂಧೀಜಿಗೆ ಪ್ರಿಯವಾದದ್ದು. ದೂರದಿಂದ ಗಂಟೆಗಳು ಅದಕ್ಕೆ ಓಗೊಡುತ್ತಿದ್ದವು. ನುಡಿಸುವಾಗ ನನ್ನ ಗಮನ ಬ್ಯಾಂಡ್ ನಡೆಸುವವರ ಬೆತ್ತದ ಮೇಲೆ, ಉಸಿರು ಎಲ್ಲಿ ಎಳೆಯಬೇಕೆಂಬುದರ ಮೇಲೆ. ದೇವರ ಹಾಡು ಊದುತ್ತಿದ್ದೇನಲ್ಲ, ಇದೇ ನನ್ನ ಪೂಜೆ ಎಂದು ಎಷ್ಟೋ ಭಾನುವಾರ ಪೂಜೆಗೆ ಹೋಗದೆ ಕಳೆದೆ. ಕ್ರಿಸ್ಮಸ್‌ಗೂ ಹಾಗೆ ಮಾಡಿದ್ದುಂಟು.

ಹೆಂಡತಿಯ ಶಸ್ತ್ರಚಿಕಿತ್ಸೆಯ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಆ ಸ್ತೋತ್ರ ಬಾಯಿಗೆ ಬಂತು. ಯುಫೋನಿಯಂನ ಭಾಗ ಪೂರ್ತಿ ನೆನಪಿತ್ತು. ಮಾತುಗಳು ಮೊದಲ ಚರಣಕ್ಕಿಂತ ಮುಂದೆ ಬರಲಿಲ್ಲ. ಮಾರನೆಯ ದಿನ ಪುಸ್ತಕ ತರಿಸಿ ಓದಿದೆ. ಈಗ ಕೊಯರಿನಲ್ಲಿ ಹಾಡು ಹಿಡಿಯುವ ಮೊದಲು ಒಬ್ಬರು ಅದರ ಮಾತುಗಳನ್ನು ನಿಧಾನವಾಗಿ ಓದುತ್ತಾರೆ, ಬ್ಯಾಂಡಿನ ಹುಡುಗರೂ ಕೇಳಬೇಕು.

2022ರಲ್ಲಿ ಆ ಸ್ತೋತ್ರದ ಜಾಗಕ್ಕೆ 'ಏ ಮೇರೆ ವತನ್ ಕೆ ಲೋಗೋ' ಬಂದಾಗ ನಮ್ಮ ಹಿರಿಯರು ನೊಂದು ನನ್ನನ್ನು ಕೇಳಿದರು. ನನಗೂ ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹಾಡೂ 1962ರ ಯುದ್ಧದಲ್ಲಿ ಮಡಿದವರಿಗಾಗಿ ಅತ್ತ ಹಾಡೇ. ಎರಡನ್ನೂ ನುಡಿಸಿದವನು ನಾನು. ಸ್ತೋತ್ರವನ್ನು ನಮ್ಮ ಇಗರ್ಜಿಯಲ್ಲಿ ಸತ್ತವರ ತಿಂಗಳಾದ ನವೆಂಬರಿನಲ್ಲಿ ಹಾಡುತ್ತೇವೆ.

9. ಹಿರಿಯರ ಹಾಡು ಬರೆದಿಡುವುದನ್ನು ನಾಳೆಗೆ ಹಾಕಬೇಡಿ

ರೋಸ್‌ನಲ್ಲಿ ಹೆಂಗಸರು ಹಾಡುವ ವೊವಿಯೊಗಳು ನಮ್ಮಲ್ಲಿ ತುಂಬ ಇವೆ, ಹಾಡುವವರು ಕಡಿಮೆಯಾಗುತ್ತಿದ್ದಾರೆ. 1986ರಿಂದ ಮಂಗಳೂರಿನ ಮಾಂಡ್ ಸೊಭಾಣ್ ಸಂಸ್ಥೆಯವರು ಕೊಂಕಣಿ ಹಾಡಿನ ಬಗ್ಗೆ ದೊಡ್ಡ ಕೆಲಸ ಮಾಡಿದ್ದಾರೆ. ಆದರೂ ಒಂದೊಂದು ಹಳ್ಳಿಯ ಧಾಟಿ ಆ ಹಳ್ಳಿಯವರೇ ಉಳಿಸಿಕೊಳ್ಳಬೇಕಾದದ್ದು. ನಾನು ಉತ್ಸಾಹದಿಂದ ಒಬ್ಬ ಹಿರಿಯ ಹೆಂಗಸಿನ ಹಾಡನ್ನು ಸ್ಟಾಫ್ ನೊಟೇಶನ್ನಿನಲ್ಲಿ ನಾಲ್ಕು ನಾಲ್ಕರ ತಾಳಕ್ಕೆ ಕೂರಿಸಿ ಬರೆದು, ಕ್ಲಾರಿನೆಟ್‌ನಲ್ಲಿ ಊದಿಸಿ ಅವರಿಗೆ ಕೇಳಿಸಿದೆ. "ಚಂದ ಉಂಟು, ಆದ್ರೆ ಇದು ನಾನು ಹಾಡಿದ್ದಲ್ಲ" ಎಂದರು. ಅವರು ಸಾಲಿನ ಕೊನೆಯಲ್ಲಿ ಉಸಿರಿದ್ದಷ್ಟು ನಿಲ್ಲುತ್ತಾರೆ. ನನ್ನ ಗೆರೆಗಳು ಅದನ್ನು ಕತ್ತರಿಸಿದ್ದವು.

ಈಗ ಬೇರೆ ಬೇರೆ ದಿನ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಮಾತುಗಳನ್ನು ಕನ್ನಡ ಲಿಪಿಯಲ್ಲಿ, ಅವರು ಉಚ್ಚರಿಸಿದ ಹಾಗೆಯೇ ಬರೆಯುತ್ತೇನೆ. ಸ್ವರಗಳನ್ನು ತಾಳದ ಗೆರೆಯಿಲ್ಲದೆ ಗುರುತು ಮಾಡುತ್ತೇನೆ. ಶವಯಾತ್ರೆಯ ಒಂದು ಹಳೆಯ ಧಾಟಿ ಬಲ್ಲ ಒಬ್ಬ ಹಿರಿಯರ ಮನೆಗೆ ಹಬ್ಬ ಮುಗಿಯಲಿ, ಮಳೆ ಮುಗಿಯಲಿ ಎಂದು ಹೋಗದೆ ಉಳಿದೆ. ಅವರು ತೀರಿಕೊಂಡರು. ಅವರ ಅಂತ್ಯಯಾತ್ರೆಯಲ್ಲಿ ನಾವು ನುಡಿಸಿದ್ದು ಬೇರೆ ಹಾಡು.

ನಮ್ಮ ಪಕ್ಕದ ವಾರ್ಡಿನಲ್ಲಿ ಒಂದೇ ವೊವಿಯೊ ಬಲ್ಲ ಇಬ್ಬರು ಅಕ್ಕತಂಗಿಯರಿದ್ದಾರೆ. ಎರಡನೇ ಚರಣ ಹೇಗೆಂಬುದರಲ್ಲಿ ಇಬ್ಬರಿಗೂ ಒಮ್ಮತವಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಹೊಸ ಅಕ್ಕಿಯ ಊಟ ಆದಮೇಲೆ ಇಬ್ಬರನ್ನೂ ನಮ್ಮ ಚಾವಡಿಯಲ್ಲಿ ಕೂರಿಸುವುದೆಂದು ಹೆಂಡತಿ ಮಾತಾಡಿ ಒಪ್ಪಿಸಿದ್ದಾಳೆ. ಇಬ್ಬರ ಪಾಠವನ್ನೂ ಬರೆದುಕೊಳ್ಳುತ್ತೇನೆ.